ಪಾತ್ರೆಯ ಮೇಲೆ ಯಾರ ಹೆಸರು

ಬೆಳುವಾಯಿ ಹತ್ತಿರದ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ನಾನು ಆಫೀಸು ನೋಡಿಕೊಳ್ಳುವವಳು. ಅರುವತ್ತು ಹೆಂಗಸರ ಹಾಜರಿ, ರಜೆ, ಜಗಳ ಎಲ್ಲವೂ ನನ್ನ ಮೇಜಿಗೇ ಬರುತ್ತವೆ. ದೀಪಾವಳಿಗೆ ಅವರಿಗೆ ಏನು ಕೊಡುವುದೆಂದು ಆರಿಸುವ ಕೆಲಸವನ್ನೂ ಧಣಿಗಳು ನನಗೇ ಒಪ್ಪಿಸಿದಾಗ ನಾನು ಸ್ವಲ್ಪ ಬೀಗಿದ್ದು ನಿಜ.

ಮೊದಲ ವರ್ಷವೇ ಎಡವಿದೆ. ಮೂಡುಬಿದಿರೆಯ ಪಾತ್ರೆ ಅಂಗಡಿಯಲ್ಲಿ ಸಾಂಬಾರು ಬಡಿಸುವ ಚಂದದ ಸ್ಟೀಲ್ ಬಾಲ್ದಿ ಆರಿಸಿ, ಅದರ ಮೇಲೆ ಫ್ಯಾಕ್ಟರಿಯ ಹೆಸರನ್ನು ದೊಡ್ಡದಾಗಿ ಕೊರೆಸಿದೆ. ನಮ್ಮ ಕಡೆ ಒಂದು ಮನೆಯಲ್ಲಿ ಪೂಜೆಯೋ ಸೀಮಂತವೋ ಆದರೆ ಸುತ್ತಲಿನ ಮನೆಗಳಿಂದ ಪಾತ್ರೆಗಳು ಬರುತ್ತವೆ. ಮರುದಿನ ಹೆಸರು ನೋಡಿ ಹಿಂದಕ್ಕೆ ಹೋಗುತ್ತವೆ. ಈಗ ಒಂದೇ ವಠಾರದ ಹದಿನೈದು ಮನೆಗಳಲ್ಲಿ ಒಂದೇ ಬಾಲ್ದಿ, ಒಂದೇ ಹೆಸರು! ಇಷ್ಟು ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆದಿರಲಿಲ್ಲ. ಒಂದು ಸೀಮಂತ ಮುಗಿಯುವಷ್ಟರಲ್ಲಿ ಎಲ್ಲ ಅದಲುಬದಲಾಗಿ, ಸಿಪ್ಪೆ ತೆಗೆಯುವ ವಿಭಾಗದ ಹಿರಿಯ ಅಕ್ಕನ ಪಾಲಿಗೆ ಯಾರದ್ದೋ ನೆಗ್ಗಿದ ಬಾಲ್ದಿ ಬಂತು.

"ಇರಲಿ ಬಿಡಿ, ಇದರಲ್ಲಿಯೂ ಸಾಂಬಾರು ನಿಲ್ತದೆ" ಎಂದರು ಅವರು. ಬೈದಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಮರುವರ್ಷದ್ದು ಆ ಅಕ್ಕನಿಗೆ ಫ್ಯಾಕ್ಟರಿಯ ಕೊನೆಯ ದೀಪಾವಳಿ. ಆ ತಿಂಗಳು ಮುಗಿದರೆ ಅವರಿಗೆ ನಿವೃತ್ತಿ. ಇಪ್ಪತ್ತೆರಡು ವರ್ಷ ದುಡಿದವರ ಕೈಗೆ ಈ ಸಲವಾದರೂ ಅವರದ್ದೇ ಅನ್ನುವಂಥದ್ದು ಸಿಗಬೇಕು ಎಂದು ಹಟ ಹಿಡಿದೆ. ಮುಚ್ಚಳವಿರುವ ಅನ್ನದ ಪಾತ್ರೆ, ಅದರ ಮೇಲೆ ಅವರವರ ಹೆಸರು.

ಧಣಿಗಳು ಮುಖ ಸಿಂಡರಿಸಿದರು. "ಫ್ಯಾಕ್ಟರಿ ಹೆಸರಿಲ್ಲದಿದ್ದರೆ ಯಾರು ಕೊಟ್ಟದ್ದಂತ ಹೇಗೆ ಗೊತ್ತಾಗ್ತದೆ?"

"ತೆಗೆದುಕೊಂಡವರಿಗೆ ಗೊತ್ತುಂಟಲ್ಲ ಧಣಿ. ಬೇಕಾದರೆ ಅಡಿಯಲ್ಲಿ ಹಾಕಿಸುವ" ಎಂದೆ. ಒಪ್ಪಿದರು.

ಹೆಸರು ಬರೆದುಕೊಡಿ ಎಂದು ಒಂದು ಹಾಳೆಯನ್ನು ಒಳಗೆ ಕಳುಹಿಸಿದೆ. ತಿರುಗಿ ಬಂದದ್ದನ್ನು ನೋಡಿ ನನಗೆ ತಲೆ ಕೆಟ್ಟಿತು. ಒಬ್ಬಳು ಗಂಡನ ಹೆಸರು ಬರೆದಿದ್ದಳು, ಇನ್ನೊಬ್ಬಳು ಮಗನದ್ದು, ಮತ್ತೊಬ್ಬಳು ಇನ್ನೂ ತೊಟ್ಟಿಲಿನಲ್ಲಿರುವ ಮೊಮ್ಮಗನದ್ದು. ಹಿರಿಯ ಅಕ್ಕನೂ ಮಗನ ಹೆಸರನ್ನೇ ಕೊಟ್ಟಿದ್ದರು. ಹಾಳೆ ಹಿಡಿದು ಸೀದಾ ಅವರ ಬಳಿಗೆ ಹೋದೆ.

"ಇಷ್ಟು ವರ್ಷ ಇಲ್ಲಿ ಕೂತು ಬೀಜದ ಸಿಪ್ಪೆ ತೆಗೆದದ್ದು ನಿಮ್ಮ ಮಗನಾ?"

ಅವರು ನಕ್ಕುಬಿಟ್ಟರು. "ಪಾತ್ರೆಗೆ ಹೆಂಗಸರ ಹೆಸರು ಯಾರು ಹಾಕ್ತಾರೆ ಮಾರಾಯ್ತಿ? ನಮ್ಮ ಮನೆಯಲ್ಲಿ ಮಾವನ ಹೆಸರಿನದ್ದುಂಟು, ಗಂಡನದ್ದುಂಟು. ಅಣ್ಣ ಕೊಟ್ಟದ್ದರಲ್ಲಿ ಅಣ್ಣನದ್ದೇ ಉಂಟು."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಆ ಹಾಳೆಯನ್ನು ಹರಿದು ಹಾಕಿದೆ. ಯಾರನ್ನೂ ಕೇಳದೆ ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳನ್ನು ನಕಲು ಮಾಡಿಕೊಂಡೆ. ಅರುವತ್ತು ಹೆಸರು ಕೊರೆಯಲು ಮೂಡುಬಿದಿರೆಯ ಅಂಗಡಿಯವರು ಒಲ್ಲೆನೆಂದಾಗ ಬಂಟ್ವಾಳಕ್ಕೆ ಹೋಗಿ ಕೊರೆಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಸಿಟ್ಟಿಳಿದು ಹೆದರಿಕೆ ಶುರುವಾಯಿತು. ಅಕ್ಕನಿಗೆ ಬೇಸರವಾದರೆ? ಸ್ಟೀಲಿನ ಮೇಲೆ ಕೊರೆದದ್ದನ್ನು ಅಳಿಸಲಿಕ್ಕಾಗುವುದಿಲ್ಲ. ಅವರ ಕೊನೆಯ ಉಡುಗೊರೆಯನ್ನೂ ನಾನೇ ಕೆಡಿಸಿದಂತಾಗುತ್ತದೆ.

ಹಂಚುವ ದಿನ ಒಳಗೆ ಗಲಾಟೆಯೋ ಗಲಾಟೆ. "ಇನ್ನು ಗಂಡ ಅನ್ನ ಬೇಕಾದರೆ ನನ್ನನ್ನೇ ಕೇಳಬೇಕು" ಎಂದು ಒಬ್ಬಳು ಕುಣಿದಳು. ಹಿರಿಯ ಅಕ್ಕ ಮಾತ್ರ ಪಾತ್ರೆಯನ್ನು ಒಮ್ಮೆ ತಿರುಗಿಸಿ ನೋಡಿ, ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟರು. ಹಬ್ಬದ ಮೂರು ದಿನವೂ ನನಗೆ ಹೋಳಿಗೆ ರುಚಿಸಲಿಲ್ಲ.

ರಜೆ ಮುಗಿದ ಬೆಳಿಗ್ಗೆ ಅವರು ನೇರವಾಗಿ ನನ್ನ ಮೇಜಿನ ಎದುರು ಬಂದು ನಿಂತರು.

"ಹೆಸರು ಕೊರೆದಲ್ಲಿ ಸ್ವಲ್ಪ ದೊರಗು ಉಂಟು" ಎಂದರು.

"ತಪ್ಪಾಯ್ತು ಅಕ್ಕ. ತನ್ನಿ, ನಯ ಮಾಡಿಸಿ ಕೊಡ್ತೇನೆ."

"ಬೇಡ ಬೇಡ! ತೊಳೆಯುವಾಗ ಕೈಗೆ ಸಿಗ್ತದೆ." ಬೀಜದ ಕರೆ ಹಿಡಿದು ಕಪ್ಪಾಗಿದ್ದ ಹೆಬ್ಬೆರಳನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಉಜ್ಜಿ ತೋರಿಸಿದರು. "ನಿನ್ನೆ ಸೊಸೆ ತೊಳೆಯಲಿಕ್ಕೆ ತೆಗೆದುಕೊಂಡಳು. ಇದೊಂದನ್ನು ನಾನೇ ತೊಳೀತೇನೆ ಅಂತ ಹೇಳಿದೆ."