ಮಾರ್ಲಿಸಳ ಕೈವರಸೆ ಕಲಿತ ಯಂತ್ರ

ಹಂಬೋಲ್ಟ್ ಬೆಟ್ಟಗಳಲ್ಲಿ ಗಾಂಜಾ ಬೆಳೆಯುವ ನೆರೆಹೊರೆಯವರೆಲ್ಲ ಹಶೀಶು ತೆಗೆಸಲು ಮಾರ್ಲಿಸಳ ಬಳಿಗೇ ಬರುತ್ತಿದ್ದರು. ಐಸು ತುಂಬಿದ ನೀರಿನಲ್ಲಿ ಹೂ ಮುಳುಗಿಸಿ, ದೋಣಿಯ ಹುಟ್ಟಿನಿಂದ ಅವಳು ಮೆಲ್ಲಗೆ ತಿರುವಿದರೆ, ಹೂವಿನ ಅಂಟುಕಣಗಳು ಕಳಚಿ, ನೀರು ಸೋಸುವ ಬಲೆಚೀಲದ ತಳದಲ್ಲಿ ಹೊಂಬಣ್ಣದ ಮರಳಾಗಿ ಕೂರುತ್ತಿದ್ದವು. ಈ ಸುಗ್ಗಿಯಲ್ಲಿ ಅವಳ ಬಲಭುಜ ಮುಷ್ಕರ ಹೂಡಿತು.

ಅವಳು ನರಳುವುದನ್ನು ಕೇಳಲಾಗದೆ ಗಂಡ ಎವರೆಟ್, ಮಕ್ಕಳ ಲಂಗೋಟಿ ಒಗೆಯುತ್ತಿದ್ದ ಹಳೆಯ ಪುಟ್ಟ ವಾಷಿಂಗ್ ಮಷೀನನ್ನು ಎಳೆತಂದು ಉಜ್ಜಿ ತೊಳೆದ. ಒಳಗಿನ ಐಸು ಬೇಗ ಕರಗದಿರಲೆಂದು ಕಂಬಳಿ ಸುತ್ತಿದ. ಹೂ, ಐಸು, ನೀರು ಸುರಿದು ಗುಂಡಿ ಒತ್ತಿದ. ಯಂತ್ರ ಮೈಮೇಲೆ ಬಂದಂತೆ ಕುಣಿಯಿತು. ಹೂವಿಗಂಟಿದ್ದ ಎಲೆಗಳೂ ಪುಡಿಯಾಗಿ, ಚೀಲದಲ್ಲಿ ಸಿಕ್ಕಿದ್ದು ಹಸಿರು ಕೆಸರು.

"ಪಾಲಕ್ ಸೂಪ್ ಮಾಡಿದ್ಯಾ?" ಮಾರ್ಲಿಸ್ ನಕ್ಕಳು. ಆದರೆ ಅವಳ ಕಣ್ಣು ತುಂಬಿದ್ದು ಎವರೆಟ್‌ಗೆ ಕಂಡಿತು. "ನನ್ ಕೈ ಇನ್ನು ಬೇಡ ಅಂತ ಹೇಳೋಕೆ ಇಷ್ಟೆಲ್ಲಾ ಸದ್ದು ಬೇಕಿತ್ತಾ?"

"ಲೇ, ಮುಷ್ಕರ ಹೂಡಿರೋದು ನಿನ್ ಭುಜ, ನೀನಲ್ಲ. ಹೇಗೆ ತಿರುವ್ತೀಯ, ತೋರ್ಸು ಬಾ."

ಅವಳು ನೋವಿಲ್ಲದ ಎಡಗೈಯನ್ನು ಗಾಳಿಯಲ್ಲಿ ಆಡಿಸಿದಳು. ಅತ್ತ ಅರ್ಧ ಸುತ್ತು, ಇತ್ತ ಅರ್ಧ, ನಡುವೆ ಒಂದು ಉಸಿರಿನಷ್ಟು ತಡೆ. ಎವರೆಟ್‌ಗೆ ತುಂತುರು ಮಳೆಯಲ್ಲಿ ತಡೆತಡೆದು ಆಡುವ ತನ್ನ ಹಳೇ ಟ್ರಕ್ಕಿನ ವೈಪರ್ ನೆನಪಾಯಿತು. ಅದರ ಮೋಟಾರನ್ನೇ ಕಿತ್ತು ತಂದು ಮಷೀನಿಗೆ ಜೋಡಿಸಿದ.

ಯಂತ್ರ ಈಗ ಗುಣುಗುಟ್ಟಿತು: ಅತ್ತ, ಇತ್ತ, ಉಸಿರು. ಚೀಲದ ತಳ ಹೊನ್ನಾಯಿತು. ಮಾರ್ಲಿಸ್ ಮುಚ್ಚಳದ ಮೇಲೆ ಕೈಯಿಟ್ಟು ಆಲಿಸಿದಳು.

"ಇನ್ನೂ ಸ್ವಲ್ಪ ಅವಸರ ಇದಕ್ಕೆ. ನಿನ್ ತರಾನೇ."

"ಹಾಗಾದ್ರೆ ಪಕ್ಕದಲ್ಲೇ ಕೂತು ಗದರ್ತಾ ಇರು," ಎಂದ ಎವರೆಟ್, ಅವಳಿಗೊಂದು ಕುರ್ಚಿ ಎಳೆದುಹಾಕುತ್ತ.