ಉಯಿಲಿನಲ್ಲಿದ್ದ ಉಳಿಪೆಟ್ಟಿಗೆ

ಸೋಮವಾರ, ಬೆಳಿಗ್ಗೆ ಹತ್ತೂವರೆ. ಶ್ರೀರಂಗಪಟ್ಟಣದ ನೋಂದಣಿ ಕಚೇರಿಯಲ್ಲಿ ನಾನು, ನನ್ನ ಅಕ್ಕ ಮತ್ತು ಹಳೆಯ ದಾಖಲೆ ನೋಡಿಕೊಳ್ಳುವ ಗುಮಾಸ್ತರು ಇದ್ದೆವು. ಮುತ್ತಾತನ ಉಯಿಲಿನ ನಕಲಿಗೆ ಅರ್ಜಿ ಕೊಟ್ಟು ಆರು ವಾರವಾಗಿತ್ತು.

ನಮ್ಮದು ಶ್ರೀರಂಗಪಟ್ಟಣದ ಮರಗೆಲಸದ ಮನೆತನ. ಮುತ್ತಾತನ ಉಳಿಪೆಟ್ಟಿಗೆಯನ್ನು ಅವರ ಚಿನಕುರಳಿಯ ಅಳಿಯ, ಅಂದರೆ ತಾತನ ತಂಗಿಯ ಗಂಡ, ಕದ್ದೊಯ್ದ ಎಂದು ಕೇಳಿಕೊಂಡೇ ಬೆಳೆದವರು ನಾವು. ಆಯುಧಪೂಜೆಯ ದಿನ ಮರ ಕೆತ್ತುವ ಬಾಚಿಗೆ ಕುಂಕುಮ ಇಡುವಾಗ ತಾತ ತಪ್ಪದೆ ಆ ಮಾತು ತೆಗೆಯುತ್ತಿದ್ದರು. ಹೀಗಾಗಿ ತಾತನ ತಂಗಿಯ ಮನೆಗೂ ನಮಗೂ ಹೋಗಿಬರುವುದೇ ನಿಂತುಹೋಗಿತ್ತು. ಅಕ್ಕನಿಗೆ ಈಗ ಎಂಬತ್ತಮೂರು. ಆ ಕಡೆಯವರನ್ನು ಒಮ್ಮೆ ನೋಡಲೇಬೇಕೆಂಬುದು ಅವಳ ಹಟ. ಕಳ್ಳರೆಂದು ಕರೆದ ಮೇಲೆ ಯಾವ ಮುಖ ಹೊತ್ತು ಹೋಗುವುದು ಎಂಬುದು ನನ್ನ ಅಳುಕು; ಅದಕ್ಕೇ ಮೊದಲು ಉಯಿಲು ನೋಡೋಣ ಎಂದಿದ್ದೆ.

ನಕಲಿನ ಎರಡನೆಯ ಪುಟ ಓದಿದೆ. ಮನೆ, ಗದ್ದೆ ಗಂಡುಮಕ್ಕಳಿಗೆ. ಕೆತ್ತನೆ ಕಲಿತವನು ಅಳಿಯನೊಬ್ಬನೇ ಆದ್ದರಿಂದ ಉಳಿಪೆಟ್ಟಿಗೆ ಅವನಿಗೆ.

"ಕೊಟ್ಟಿದ್ದನ್ನ ಕದ್ದ ಅಂದ್ಬುಟ್ರಲ್ಲೋ! ನಡಿಲಾ, ಈಗ್ಲೇ ಓಗವ," ಎಂದಳು ಅಕ್ಕ.

"ಊಟ ಮಾಡ್ಕೊಂಡು ಹೋಗೋಣ ಕಣಕ್ಕ."

"ಅಲ್ಲೇ ಇಕ್ತಾರೆ. ಇಕ್ಕದಿದ್ರೆ ಬೈಸ್ಕಂಡು ಬರವ."

ಪಾಂಡವಪುರದಲ್ಲಿ ಬಸ್ಸು ಬದಲಿಸಿ ಒಂದೂವರೆಗೆ ಚಿನಕುರಳಿ ತಲುಪಿದೆವು. ಆ ಅಳಿಯನ ಮೊಮ್ಮಗ, ಎಪ್ಪತ್ತು ದಾಟಿದವರು, ಮನೆ ಮುಂದೆ ಕಿಟಕಿ ಚೌಕಟ್ಟು ಜೋಡಿಸುತ್ತಿದ್ದರು. ನಾವು ಯಾರೆಂದು ಹೇಳಿದ ಮೇಲೂ ಕೈ ನಿಲ್ಲಿಸಲಿಲ್ಲ.

"ಪಟ್ಣದೋರಾ? ಕಳ್ಳರ ಮನೆ ಇದು. ಚಪ್ಲಿ ಉಸಾರಾಗಿ ನೋಡ್ಕಳಿ."

ಅಕ್ಕ ಜಗಲಿಯ ಮೇಲೆ ಕುಳಿತೇಬಿಟ್ಟಳು. "ಕಳ್ಳರು ನಾವು ಕಣಪ್ಪ. ನಿಮ್ ತಾತನ ಮರ್ವಾದೆ ಕದ್ದೋರು. ಅದ ಏಳೋಕೇ ಬಂದಿವ್ನಿ. ಲೋ, ಓದ್ಲಾ."

ನಾನು ಆ ಸಾಲು ಓದಿದೆ. ಅವರು ಇನ್ನೊಂದು ಸಲ ಓದಿಸಿಕೊಂಡರು. ಸುತ್ತಿಗೆ ಕೆಳಗಿಟ್ಟು, ಹೆಗಲ ಟವೆಲಿನಿಂದ ಮುಖ ಒರೆಸಿದರು.

"ನಮ್ಮಪ್ಪ ಇದ ಕೇಳ್ಬೇಕಿತ್ತು," ಎಂದರು. ಆಮೇಲೆ ಒಳಗೆ ತಿರುಗಿ ಕೂಗಿದರು: "ಏ ಇವಳೇ, ಇನ್ನೆರಡು ಮುದ್ದೆ ಕಟ್ಟು. ಪಟ್ಣದ ನೆಂಟ್ರು ಬಂದವ್ರೆ."

ಊಟವಾಯಿತು. ಅವರು ಹೇಳುತ್ತ ಹೋದರು, ನಾನು ಬರೆದುಕೊಂಡೆ: ನಮ್ಮ ವಂಶಾವಳಿಯಲ್ಲಿ ಬಿಟ್ಟುಹೋಗಿದ್ದ ಅವರ ಕಡೆಯ ನಾಲ್ಕು ತಲೆಮಾರಿನ ಹೆಸರು, ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದೂ ಸೇರಿಸಿ. ಕೆ.ಆರ್. ಪೇಟೆಗೆ ಕೊಟ್ಟವಳ ಹೆಸರು ಅವರಿಗೆ ಮರೆತಿತ್ತು. ಅವರ ಹೆಂಡತಿ ಹೇಳಿದರು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಎರಡು ತಪ್ಪು ತಿದ್ದಿಕೊಂಡೆ. ಐದೂವರೆಯ ಬಸ್ಸು ಬರುವಷ್ಟರಲ್ಲಿ ಪಟ್ಟಿ ಮುಗಿದಿತ್ತು.