ಎಡಗೈ ಹಿಲ್ಲಾಳ ಲೇಸ್

ನಮ್ಮ ಹಾರ್ಲೆಮ್‌ನಲ್ಲಿ ಲೇಸ್ ಹೆಣೆಯುವ ಹೆಂಗಸರಿಗೆ ಬರವಿರಲಿಲ್ಲ. ಆದರೆ ಎಡಗೈಯಲ್ಲಿ ಹೆಣೆಯುತ್ತಿದ್ದವಳು ಹಿಲ್ಲಾ ಒಬ್ಬಳೇ. ಅವಳ ದಾರದ ತಿರುವು ನಮ್ಮೆಲ್ಲರದಕ್ಕಿಂತ ಉಲ್ಟಾ. ಕೊಳ್ಳುವವರಿಗೆ ಗೊತ್ತಾಗುತ್ತಿರಲಿಲ್ಲ, ಪಕ್ಕದ ಕುರ್ಚಿಯಲ್ಲಿ ಅರ್ಧ ಆಯಸ್ಸು ಕಳೆದ ನನಗೆ ನೋಡಿದೊಡನೆ ತಿಳಿಯುತ್ತಿತ್ತು. ಅವಳ ಬಾಯಿ ಜೋರು, ನಗು ಇನ್ನೂ ಜೋರು. ಗಂಡ ಗೆರ್ಬ್ರಾಂಡ್ ಊರಾಚೆಯ ಬಯಲಿನಲ್ಲಿ ಬಟ್ಟೆಯನ್ನು ಮಜ್ಜಿಗೆಯಲ್ಲಿ ನೆನೆಸಿ ಬಿಳುಪು ಮಾಡುವವನು, ಮೈಯೆಲ್ಲ ಹುಳಿ ಮಜ್ಜಿಗೆಯ ವಾಸನೆ. "ನನ್ನ ಗಂಡನ್ನ ಯಾರೂ ಕದಿಯೋಕಾಗಲ್ಲ ಕಣೇ ನೇಲಾ, ಎಲ್ಲಿ ಬಚ್ಚಿಟ್ರೂ ಮೂಗೇ ಹೇಳ್ಬಿಡುತ್ತೆ" ಎಂದು ನನಗೆ ಹೇಳುತ್ತಿದ್ದಳು.

ನಮ್ಮಲ್ಲಿ ಮಗು ಹುಟ್ಟಿದರೆ ಲೇಸ್ ಹೊದಿಸಿದ ಪುಟ್ಟ ಹಲಗೆಯೊಂದನ್ನು ಬಾಗಿಲಿಗೆ ತೂಗುಹಾಕುತ್ತಾರೆ. ಲೇಸಿನಡಿ ಕೆಂಪು ರೇಷ್ಮೆ. ಹೆಣ್ಣಾದರೆ ಅರ್ಧಕ್ಕೆ ಬಿಳಿ ಕಾಗದ. ಬಸುರಿ ಹಿಲ್ಲಾ ತನ್ನ ಬಾಗಿಲಿಗೆ ತಾನೇ ಲೇಸ್ ಹೆಣೆದಳು. ಮಗು ಹೆಣ್ಣು, ಹುಟ್ಟುವಾಗಲೇ ಉಸಿರಿರಲಿಲ್ಲ. ಹಲಗೆಯ ಲೇಸನ್ನು ಬಿಚ್ಚಿ ಮಗುವಿನ ಬಲಗೈಗೆ ಸುತ್ತಿ, ಹೂಳಲೆಂದು ಸೂಲಗಿತ್ತಿಗೆ ಕೊಟ್ಟಳು. ಅಂಥ ಮಕ್ಕಳಿಗೆ ಗಂಟೆ ಬಾರಿಸುವುದಿಲ್ಲ, ಹೆಸರಿಡುವುದಿಲ್ಲ, ಎಲ್ಲಿ ಹೂತರೆಂದು ತಾಯಿ ಕೇಳುವುದೂ ಇಲ್ಲ. ಹಿಲ್ಲಾಳೂ ಕೇಳಲಿಲ್ಲ.

ಮರುವರ್ಷ ಡಾಕ್ಟರ್ ಓಸ್ತ್‌ವಾಲ್ ನಮ್ಮಿಬ್ಬರನ್ನು ಕೆಲಸಕ್ಕೆ ಕರೆಸಿದ. ಸತ್ತವರ ನರಗಳಿಗೆ ಬಣ್ಣದ ಮೇಣ ಹಾಯಿಸಿ, ಚರ್ಮವನ್ನು ಬದುಕಿದ್ದಾಗಿನ ಹಾಗೇ ಕೆಂಪಗೆ ಉಳಿಸುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಕೈ, ಕಾಲು, ಮುಖ, ಎಲ್ಲ ಸಾರಾಯಿ ತುಂಬಿದ ಗಾಜಿನ ಜಾಡಿಗಳಲ್ಲಿ ಸಾಲಾಗಿ ನಿಂತಿದ್ದವು. ಲೈಡನ್‌ನಿಂದ ಪಂಡಿತರು ಬರುತ್ತಿದ್ದರು. ದೊಡ್ಡಮನೆಯ ಹೆಂಗಸರೂ ಬರುತ್ತಿದ್ದರಾದ್ದರಿಂದ, ಕತ್ತರಿಸಿದ ಜಾಗ ಕಾಣದಂತೆ ಪ್ರತಿ ಕೈಗೂ ಲೇಸಿನ ತೋಳು ತೊಡಿಸಬೇಕಿತ್ತು.

ಕಿಟಕಿಯ ಬಳಿಯ ಜಾಡಿಯಲ್ಲಿ ಭುಜದವರೆಗಿನ ಒಂದು ಪುಟ್ಟ ಬಲಗೈ ಇತ್ತು. ಅದಕ್ಕೆ ಆಗಲೇ ಲೇಸ್ ಸುತ್ತಿತ್ತು. ತಿರುವು ಉಲ್ಟಾ. 

"ನೇಲಾ, ಇದು ನಂದು" ಎಂದಳು ಹಿಲ್ಲಾ, ಬಹಳ ಮೆಲ್ಲಗೆ.

ಕಿರುಚುತ್ತಾಳೆಂದುಕೊಂಡೆ. ಇಲ್ಲ. ಮಗಳನ್ನು ಮಣ್ಣಿಗೆ ಕೊಡಬೇಕು, ಕೊಟ್ಟುಬಿಡಿ ಎಂದು ಡಾಕ್ಟರನನ್ನು ಕೇಳಿದಳು. ಸೂಲಗಿತ್ತಿಯಿಂದ ನ್ಯಾಯವಾಗಿ ಪಡೆದದ್ದು, ಕೊಡುವುದಿಲ್ಲ ಎಂದ. ಅಳುವುದಾದರೆ ಮನೆಗೆ ಹೋಗು, ಕೆಲಸ ಮಾಡುವುದಾದರೆ ಇರು ಎಂದ. ಹಿಲ್ಲಾ ಇದ್ದಳು. ಉಳಿದದ್ದು ಎಲ್ಲಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ವರ್ಷಕ್ಕೊಮ್ಮೆ ಸಾರಾಯಿ ಬದಲಿಸಿದಾಗ ಲೇಸಿನ ತೋಳೂ ಬದಲಾಗುತ್ತಿತ್ತು. ಬಟ್ಟೆಬರೆಯ ಕೆಲಸ ಡಾಕ್ಟರನಿಗೆ ಬೇಸರ. ಅದನ್ನು ಪರದೆಯ ಹಿಂದೆ ನಮಗೇ ಬಿಟ್ಟುಬಿಡುತ್ತಿದ್ದ. ಮಕ್ಕಳ ಜಾಡಿಗಳನ್ನು ಹಿಲ್ಲಾ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಹಸುಗೂಸಿನ ತೋಳಿಗೆ ನಮ್ಮ ಅಳತೆ ಎರಡು ಬೆರಳು. ಎರಡು ಬೆರಳಿಗೆ ತೊಡಿಸಿ ನೋಡಿದರೆ ಸರಿಹೋಗಬೇಕು. ಮುಂದಿನ ಸಲ ಹಿಲ್ಲಾ ಮೂರು ಬೆರಳಿನದು ಹೆಣೆದಳು. ಅದರಾಚೆ ಇನ್ನೂ ದೊಡ್ಡದು. ನಿನಗೆ ತಲೆ ಕೆಟ್ಟಿದೆಯೇ ಎಂದು ಬೈದೆ.

"ಬೆಳೆಯೋ ಮಗು ಅಲ್ವೇನೇ?" ಎಂದಳು.

ಹೇಳಿದರೆ ನಗುತ್ತೀರಿ, ಜಾಡಿಯಲ್ಲಿ ಕೈ ನನಗೂ ದೊಡ್ಡದಾಗಿ ಕಾಣುತ್ತಿತ್ತು. ತಡೆಯಲಾರದೆ ಡಾಕ್ಟರನನ್ನು ಕೇಳಿದೆ. ಅವನು ನನ್ನ ಬೆರಳನ್ನೇ ಒಂದು ದುಂಡು ಜಾಡಿಯ ಹಿಂದೆ ಹಿಡಿಸಿದ. ಬೆರಳು ಮೂಲಂಗಿಯಷ್ಟು ದಪ್ಪವಾಯಿತು. "ಗಾಜಿನ ಆಟ ಕಣಮ್ಮ. ಆಚೆ ತೆಗೆದ್ರೆ ಅಷ್ಟೇ ಪುಟ್ಟದು" ಎಂದ. ಚಿಗಟದ ಕಾಲನ್ನೂ ಮಸೂರದಡಿ ಇಟ್ಟು ಅಳೆದವನು; ಅವನ ಮಾತು ನಂಬಿದೆ. ನಂಬಿದ್ದರಿಂದಲೇ ನಿದ್ದೆ ಬರುತ್ತಿತ್ತು. ಆದರೆ ಪರದೆಯ ಹಿಂದಿನಿಂದ ಹಿಲ್ಲಾಳ ಕತ್ತರಿಯ ಸದ್ದು ಕೇಳುತ್ತಿತ್ತು, ಕಟ್, ಕಟ್ ಎಂದು. ದಾರ ಕತ್ತರಿಸಿದರೆ ಸದ್ದಾಗುವುದಿಲ್ಲ. ಉಗುರು ಕತ್ತರಿಸಿದರೆ ಆಗುತ್ತದೆ.

ಹೀಗೆ ಆರೇಳು ವರ್ಷ ಕಳೆದ ಮೇಲೆ ದೂರದ ರಾಜಕುಮಾರನೊಬ್ಬ ಅಷ್ಟೂ ಜಾಡಿಗಳನ್ನು ಕೊಂಡ. ಎಲ್ಲ ಹಡಗು ಹತ್ತಬೇಕು, ಎಲ್ಲದಕ್ಕೂ ಹೊಸ ತೋಳು ಬೇಕು. ಹಿಲ್ಲಾ ಊಟ ಬಿಟ್ಟಳು. ಅದೊಂದನ್ನು ಮಾರಬೇಡಿ ಎಂದು ಡಾಕ್ಟರನ ಕಾಲಿಗೆ ಬಿದ್ದಳು. ಆಗುವುದಿಲ್ಲ ಎಂದನಲ್ಲದೆ, ಮಾರಾಟದ ಪಟ್ಟಿಗಾಗಿ ಈ ಸಲ ಪ್ರತಿಯೊಂದನ್ನೂ ತಾನೇ ತೆಗೆದು ಅಳೆಯುತ್ತೇನೆ ಎಂದ. ಹಿಲ್ಲಾ ಹೆಣೆಯುತ್ತಿದ್ದದ್ದು ಶಾಲೆಗೆ ಹೋಗುವ ಹುಡುಗಿಯ ತೋಳು. ಕಂಡರೆ ಹುಚ್ಚಿ ಎಂದು ಆಚೆ ದಬ್ಬುತ್ತಾನೆ, ಕೊನೆಯ ಸಲ ಮಗಳನ್ನು ನೋಡುವುದೂ ತಪ್ಪುತ್ತದೆ ಎಂದು ನನಗೆ ಸಂಕಟ. ಅವಳಿಗೆ ಹೇಳದೆ ಎರಡು ಬೆರಳಿನದೊಂದು ಹೆಣೆದಿಟ್ಟೆ.

ಆ ದಿನ ಬಿಸಿಲು ಚೆನ್ನಾಗಿತ್ತು. ಡಾಕ್ಟರ್ ಕೈವಾರ ಹಿಡಿದು ಒಂದೊಂದೇ ಜಾಡಿ ಮುಗಿಸುತ್ತ ಕಿಟಕಿಯ ಬಳಿ ಬಂದ. ಹಿಲ್ಲಾಳ ಕೈಯಲ್ಲಿದ್ದ ತೋಳು ನೋಡಿ ಮುಖ ಸಿಂಡರಿಸಿದ.

"ಇದೇನಮ್ಮ, ಹಿಟ್ಟಿನ ಚೀಲ ಹೊಲ್ಕೊಂಡು ಬಂದಿದ್ದೀಯ?"

ನಾನು ತಟ್ಟನೆ ನನ್ನದನ್ನು ಮುಂದೆ ಚಾಚಿದೆ. ಅವನು ಮುಚ್ಚಳ ತೆಗೆದು ಇಕ್ಕಳದಿಂದ ಕೈಯನ್ನು ಮೇಲೆತ್ತಿದ. ಸಾರಾಯಿ ತೊಟ್ಟಿಕ್ಕಿತು. ಅದು ಪುಟ್ಟದಾಗಲೆಂದು ನಾನು ಕಾಯುತ್ತ ನಿಂತೆ. ಅವನೂ ಕಾಯುತ್ತಿದ್ದನೆಂದು ಕಾಣುತ್ತದೆ. ಗಾಜಿನಿಂದ ಆಚೆ ಬಂದರೂ ಅದು ಪುಟ್ಟದಾಗಲಿಲ್ಲ.

ನಾನು ಹೆಣೆದ ತೋಳು ತೊಡಿಸಲು ಹೋದೆ. ಬೆರಳ ಗೆಣ್ಣಿನಲ್ಲೇ ಸಿಕ್ಕಿಕೊಂಡಿತು.

"ಬಿಡೇ ನೇಲಾ, ಅವಳಿಗೆ ನೋವಾಗುತ್ತೆ" ಎಂದು ಹಿಲ್ಲಾ ನನ್ನನ್ನು ಸರಿಸಿ, ತನ್ನದನ್ನು ತೊಡಿಸಿದಳು. ಮಣಿಕಟ್ಟಿನಿಂದ ಭುಜದವರೆಗೆ ಅಳೆದು ಹೊಲಿದಂತೆ ಕೂತಿತು.

ಡಾಕ್ಟರನ ಕೈಯಲ್ಲಿ ಕೈವಾರ ಬಾಯಿ ತೆರೆದುಕೊಂಡೇ ಇತ್ತು. ಅಳೆಯುತ್ತಾನೆಂದು ಕಾದೆ. ಅವನು ಅಳೆಯಲಿಲ್ಲ. ಮೆಲ್ಲಗೆ ಅದನ್ನು ಮಡಿಸಿ ಜೇಬಿಗಿಟ್ಟು, ಗೋಡೆಯ ಕಡೆ ತಿರುಗಿಕೊಂಡು, "ತಗೊಂಡ್ಹೋಗು" ಎಂದ.

ಗೆರ್ಬ್ರಾಂಡ್ ಬಯಲಿನ ಅಂಚಿನಲ್ಲಿ ಗುಂಡಿ ತೋಡಿದ. ಮಣ್ಣು ಹಾಕುವ ಮೊದಲು ಹಿಲ್ಲಾ ಮನೆಬಾಗಿಲಿಗೆ ಹಲಗೆ ತೂಗುಹಾಕಿ ಬಂದಿದ್ದಳು, ಅರ್ಧ ಕೆಂಪು, ಅರ್ಧ ಬಿಳಿ. ಮಗಳಿಗೆ ಟ್ರೈನ್ತ್ಯೆ ಎಂದು ಹೆಸರಿಟ್ಟು, ಅದನ್ನು ಗಟ್ಟಿಯಾಗಿ ಕೂಗಿ, ಆಮೇಲೆ ಹೊಟ್ಟೆ ತುಂಬ ಅತ್ತಳು. ನಾನೂ ಅತ್ತೆ.

ಆದರೆ ನನಗೆ ಮರೆಯದೆ ಉಳಿದದ್ದು ಅದಕ್ಕೆ ಮುಂಚಿನದು. ಡಾಕ್ಟರನ ಮನೆಯಿಂದ ಸ್ಪಾರ್ನೆ ನದಿಯ ಪಕ್ಕದಲ್ಲೇ ನಡೆದು ಬಂದೆವು. ಆ ಕೈಯನ್ನು ಮಡಿಲಲ್ಲಿ ಸುತ್ತಿಕೊಳ್ಳಲು ಹಿಲ್ಲಾ ಒಪ್ಪಲಿಲ್ಲ. ತನ್ನ ಎಡಗೈಯಿಂದ ಅದನ್ನು ಹಿಡಿದು, ಮಗುವನ್ನು ನಡೆಸಿಕೊಂಡು ಹೋಗುವಂತೆ ಸಣ್ಣ ಸಣ್ಣ ಹೆಜ್ಜೆ ಇಟ್ಟಳು. ನಾನು ಅವಳ ಎಡಕ್ಕೆ ನಡೆದೆ, ನಮ್ಮಿಬ್ಬರ ನಡುವೆ ಒಂದು ಮಗು ನಡೆಯುವಷ್ಟು ಜಾಗ ಬಿಟ್ಟು.